ಏಳು ಹೆಸರಿನ ಒಂದೇ ಪಟ್ಟಿ

ಸಣ್ಣಪುಟ್ಟ ಗಾಬರಿಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಸ್ಸಿನಲ್ಲಿ ಸೀಟಿನ ಕೆಳಗಿನ ಚೀಲದೊಳಗಿಂದ ಕೋಳಿ ಕೂಗಿದ್ದು, ಹಾಜರಿ ಪುಸ್ತಕದ ಮೇಲೆ ಹಲ್ಲಿ ಬಿದ್ದದ್ದು, ಇಂಥವು ದಿನಚರಿಯ ಅಂಚಿಗೆ ಹೋಗುತ್ತವೆ. ತೆರೆದ ಬಾಯಿ ಮುಚ್ಚಲಾಗದೆ, ಅಂಗೈ ತಣ್ಣಗಾಗಿ, 'ಹಾಂ?' ಎನ್ನುವುದಕ್ಕೂ ತ್ರಾಣವಿಲ್ಲದೆ ನಿಂತದ್ದಾದರೆ ಮಾತ್ರ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಹಾಗೆ ಕೆಂಪು ಶಾಯಿ ಹಿಡಿದದ್ದು ನನ್ನ ಇಪ್ಪತ್ತನಾಲ್ಕು ವರ್ಷದ ಆಯುಷ್ಯದಲ್ಲಿ ಒಟ್ಟು ಒಂಬತ್ತು ಸಲ. ಅವುಗಳಲ್ಲಿ ನಾಲ್ಕು ಒಂದೇ ದಿನ ಆದವು: ಸಾವಿರದ ಒಂಬೈನೂರ ತೊಂಬತ್ತೈದು, ಫೆಬ್ರವರಿ ಹನ್ನೊಂದು, ಶನಿವಾರ. ಐದನೆಯದು ಅದರ ಮರುಸೋಮವಾರ. ಆರನೆಯದಕ್ಕೆ ನಾನು ತಾರೀಖು ಹಾಕಿಲ್ಲ. ಹಾಕುವ ಮನಸ್ಸಾಗಲಿಲ್ಲ.

ನನ್ನ ಊರು ಮಾದನಹಿಪ್ಪರಗಾ, ನೌಕರಿ ಆಳಂದದಲ್ಲಿ. ದಿನಾ ಬಸ್ಸಿಗೆ ಹೋಗಿಬರುತ್ತೇನೆ. ಆ ವರ್ಷ ನಮ್ಮ ಬೆಳಗಿನ ಬಸ್ಸು ಸರಿಯಾದ ಸಮಯಕ್ಕೆ ಬಂದದ್ದು ಎರಡು ಸಲ; ಆ ಎರಡೂ ಸಲ ನಾನು ತಡಮಾಡಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಲೆಕ್ಕಗಳು ಯಾವಾಗಲೂ ಸರಿಯಿರುತ್ತವೆ, ಅವುಗಳಿಂದ ಉಪಯೋಗ ಮಾತ್ರ ಆಗುವುದಿಲ್ಲ ಎಂಬುದು ಓದುಗರಿಗೆ ಮೊದಲೇ ಗೊತ್ತಿರಲಿ ಎಂದು.

ನಮ್ಮದು ಕಣ್ಣಿನ ಶಿಬಿರ ನಡೆಸುವ ಒಂದು ಸಣ್ಣ ಸಂಸ್ಥೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಹಳ್ಳಿಗಳಲ್ಲಿ ನಮ್ಮವರು ತಿರುಗಿ, ಕಣ್ಣಿನಲ್ಲಿ ಪೊರೆ ಬಂದ ಮುದುಕ ಮುದುಕಿಯರನ್ನು ಪರೀಕ್ಷೆ ಮಾಡಿಸಿ, ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದು ತರುತ್ತಿದ್ದರು. ಹೆಸರು, ಊರು, ವಯಸ್ಸು, ಯಾವ ಕಣ್ಣು, ಯಾವ ದಿನ ಆಪರೇಷನ್ನಿಗೆ ಬರಬೇಕು, ಇಷ್ಟು. ಆ ಚೀಟಿಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಮತ್ತು ಶಿವಲೀಲಾಳ ಕೆಲಸ. ಶಿವಲೀಲಾ ನನಗಿಂತ ಆರು ತಿಂಗಳು ಚಿಕ್ಕವಳು, ಬೆರಳು ನನಗಿಂತ ಎರಡರಷ್ಟು ಚುರುಕು. ನಮ್ಮ ಮೇಲೆ ಪಾಟೀಲ ಸಾಹೇಬರು. ನಮ್ಮೆಲ್ಲರನ್ನೂ ಚಹಾ ಕುಡಿಸಿ ಬದುಕಿಸಿಟ್ಟವರು ಮೌಲಾ ಚಾಚಾ. ಕಚೇರಿಯ ಜನ ಇಷ್ಟೇ.

ಕಂಪ್ಯೂಟರು ನಮ್ಮದಲ್ಲ. ಗುಲ್ಬರ್ಗಾದ ದೊಡ್ಡ ಕಚೇರಿಯವರು ಹೊಸದು ತಂದುಕೊಂಡು ಹಳೆಯದನ್ನು ನಮಗೆ ಕಳಿಸಿದ್ದರು, ದೊಡ್ಡಣ್ಣನ ಅಂಗಿ ತಮ್ಮನಿಗೆ ಬರುವ ಹಾಗೆ. ಒಂದು ಪೆಟ್ಟಿಗೆ, ಅದಕ್ಕೆ ಜೋಡಿಸಿದ ಮೂರು ಪರದೆ: ಒಂದು ಸಾಹೇಬರಿಗೆ, ಒಂದು ನನಗೆ, ಒಂದು ಶಿವಲೀಲಾಳಿಗೆ. ಒಳಗಿರುವ ವ್ಯವಸ್ಥೆಯ ಹೆಸರು ಯುನಿಕ್ಸ್. ಕಲಿಸಲು ಬಂದಿದ್ದ ಇಂಜಿನಿಯರು ಕುಲಕರ್ಣಿಯವರು ಮೂರು ದಿನ ಇದ್ದರು. ಅವರು ಹೇಳಿದ್ದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರನೆಯ ದಿನ ಸಂಜೆ ಅವರು ಎಲ್-ಎನ್ ಎಂಬ ಎರಡಕ್ಷರದ ಆಜ್ಞೆಯ ಬಗ್ಗೆ ಹೇಳುತ್ತಿದ್ದಾಗ ಗುಲ್ಬರ್ಗಾದ ಬಸ್ಸು ಹಾರ್ನ್ ಹಾಕಿತು. ಅವರು ಮಾತು ಅರ್ಧಕ್ಕೆ ಬಿಟ್ಟು ಓಡಿದರು. ನನ್ನ ನೋಟ್‌ಬುಕ್ಕಿನಲ್ಲಿ ಉಳಿದದ್ದು ಇಷ್ಟು: 'ಎಲ್-ಎನ್: ಜಾಗ ಹಿಡಿಯದೆ ಫೈಲಿಗೆ ಇನ್ನೊಂದು'. ಇನ್ನೊಂದು ಏನು ಎಂಬುದು ಬಸ್ಸಿನಲ್ಲಿ ಹೋಯಿತು. ನಾನು ಯೋಚಿಸಿ, ಪೆನ್ಸಿಲಿನಲ್ಲಿ 'ನಕಲು' ಎಂದು ತುಂಬಿದೆ.

ತಪ್ಪು ಶುರುವಾದದ್ದು ಇಲ್ಲಿಯೇ. ಆದರೆ ತಪ್ಪಿನ ಬುಡದಲ್ಲಿ ಇದ್ದದ್ದು ಸದ್ಗುಣ ಎಂದು ಈಗಲೂ ವಾದಿಸುತ್ತೇನೆ. ನಮ್ಮವ್ವ ಶೇಂಗಾ ಚಟ್ನಿಪುಡಿಯನ್ನು ಎರಡು ಡಬ್ಬಿಯಲ್ಲಿ ಇಡುತ್ತಾಳೆ, ಒಂದಕ್ಕೆ ಇರುವೆ ಹತ್ತಿದರೆ ಇನ್ನೊಂದು ಇರಲಿ ಎಂದು. ಸಾವಿರಾರು ಜನರ ಕಣ್ಣಿನ ಪಟ್ಟಿಗೆ ಆರು ಡಬ್ಬಿಯಾದರೂ ಬೇಡವೇ? ವಾರದ ಆರು ದಿನಕ್ಕೆ ಆರು ನಕಲು ಮಾಡಬೇಕೆಂದು ಗೊತ್ತುಮಾಡಿದೆ. ಮೂಲದ ಹೆಸರು 'ಪಟ್ಟಿ'. ನಕಲುಗಳು 'ಸೋಮ', 'ಮಂಗಳ', 'ಬುಧ', 'ಗುರು', 'ಶುಕ್ರ', 'ಶನಿ'. ನಕಲು ಮಾಡುವ ಮಾಮೂಲಿ ಆಜ್ಞೆ ಕೊಟ್ಟರೆ ಕಂಪ್ಯೂಟರು ಜಾಗವಿಲ್ಲ ಎಂದಿತು. ಗುಲ್ಬರ್ಗಾದವರು ತಮ್ಮ ಹಳೆಯ ಸಾಮಾನನ್ನೆಲ್ಲ ಅದರೊಳಗೇ ಬಿಟ್ಟು ಕಳಿಸಿದ್ದರು. ಆಗ ನನಗೆ ಎಲ್-ಎನ್ ನೆನಪಾಯಿತು. ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ 'ಸೋಮ' ತಯಾರಾಯಿತು. ಜಾಗ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ತೆರೆದು ನೋಡಿದರೆ ಒಳಗೆ ಪೂರ್ತಿ ಪಟ್ಟಿ! ಜಾಗ ಹಿಡಿಯದ ನಕಲು ಕಂಡುಹಿಡಿದವನ ಜಾಣತನಕ್ಕೆ ಮನಸ್ಸಿನಲ್ಲೇ ಶರಣು ಮಾಡಿದೆ.

ಮೊದಲ ವಾರ ದಿನಕ್ಕೊಂದರಂತೆ ಆರೂ ಆದವು. ಎರಡನೆಯ ಸೋಮವಾರ ಸಂಜೆ 'ಸೋಮ'ವನ್ನು ಹೊಸದಾಗಿ ಮಾಡಬೇಕೆಂದು ಹೋದರೆ, ಅದರಲ್ಲಿ ಆಗಲೇ ಆ ದಿನದ ಹೆಸರುಗಳು ಬಂದು ಕುಳಿತಿದ್ದವು. ಸಾಲು ಎಣಿಸಿದೆ. 'ಮಂಗಳ' ಎಣಿಸಿದೆ, 'ಬುಧ' ಎಣಿಸಿದೆ. ಆರೂ ನಕಲು ಮೂಲಕ್ಕೆ ತಾಳೆಯಾಗುತ್ತಿದ್ದವು. ಕಂಪ್ಯೂಟರಿಗೆ ನನ್ನ ಶಿಸ್ತು ಅಭ್ಯಾಸವಾಗಿಬಿಟ್ಟಿದೆ ಎಂದುಕೊಂಡೆ. ಸೋಮವಾರದ ರೊಟ್ಟಿ ಶನಿವಾರವೂ ಬಿಸಿಯಿದ್ದರೆ ಯಾವ ಹೆಂಗಸಾದರೂ ಅನುಮಾನಪಡುತ್ತಾಳೆ. ನನಗೆ ಅನುಮಾನ ಬರಲಿಲ್ಲ, ಅಭಿಮಾನ ಬಂದಿತು. ದಿನಚರಿಯಲ್ಲಿ ದಿನಾ ಬರೆದೆ: 'ಏಳೂ ತಾಳೆ.' ಇನ್ನೊಂದು ಮಾತು. ಫೈಲುಗಳ ವಿವರ ಕೇಳಿದಾಗ ಕಂಪ್ಯೂಟರು ಪ್ರತಿ ಹೆಸರಿನ ಸಾಲಿನಲ್ಲೂ ಎರಡನೆಯ ಜಾಗದಲ್ಲಿ ಒಂದು ಅಂಕಿ ತೋರಿಸುತ್ತಿತ್ತು: 7. ಅದೇನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಅಂಕಿಯಲ್ಲವೇ, ದಿನಾ ಅದನ್ನೂ ಬರೆದುಕೊಂಡೆ. ದಿನಚರಿಯ ಹತ್ತು ಪುಟಗಳಲ್ಲಿ ಆ ಏಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದೆ.

ಆರು ನಕಲು ಇರುವಾಗ ಕಾಗದದ ಚೀಟಿಗಳು ಯಾಕೆ? ಎರಡು ದಿನ ಹಳೆಯದಾದ ಚೀಟಿಗಳನ್ನು ವಿಲೇವಾರಿ ಮಾಡಬಹುದೆಂದು ನಾನೇ ನಿಯಮ ಮಾಡಿದೆ. ಚಾಚಾಗೆ ಬಹಳ ಖುಷಿಯಾಯಿತು. ಶಿಬಿರದ ಕೋಣೆಗಳಿಗೆ ಬಿಸಿನೀರು ಕಾಯಿಸುವ ತಾಮ್ರದ ಬಂಬಾ ಅವರ ವಶದಲ್ಲಿತ್ತು. "ಬಾಬು, ನಿಮ್ಮ ಚೀಟಿ ಭಾಳ ಛಲೋ ಉರೀತಾವ ನೋಡ್ರಿ, ಒಂದ ಕಡ್ಡಿಗೆ ಹತ್ತಕೋತಾವ" ಎಂದು ಹೊಗಳುತ್ತಿದ್ದರು. ನನಗೂ ಹೆಮ್ಮೆಯೆನಿಸುತ್ತಿತ್ತು.

ಇನ್ನು ಶಿವಲೀಲಾ. ಅವಳ ಕೆಲಸದಲ್ಲಿ ತಪ್ಪಿರಲಿಲ್ಲ, ನಡತೆಯಲ್ಲಿತ್ತು. ಎದ್ದು ಹೋಗುವಾಗ ಪಟ್ಟಿಯನ್ನು ಮುಚ್ಚಿ ಲಾಗೌಟ್ ಮಾಡಬೇಕೆಂದು ಕುಲಕರ್ಣಿಯವರು ಮೂರೂ ದಿನ ಹೇಳಿದ್ದರು. ಅವಳು ಪಟ್ಟಿಯನ್ನು ಹಾಗೇ ತೆರೆದಿಟ್ಟು ಊಟಕ್ಕೆ ಹೋಗುವಳು, ಮನೆಗೂ ಹೋಗುವಳು. ತೆರೆದಿರುತ್ತಿದ್ದದ್ದು ಯಾವಾಗಲೂ ಒಂದೇ ಸಾಲು: ನೀಲಮ್ಮ, ಊರು ಮಣ್ಣೂರ, ವಯಸ್ಸು ಎಪ್ಪತ್ತೊಂದು, ಬಲಗಣ್ಣು, ಮೊದಲ ತಂಡ, ಸೋಮವಾರ. ಅದು ಅವಳ ತಾಯಿಯ ತಾಯಿ. ಭೀಮಾ ನದಿಯ ದಂಡೆಯಲ್ಲೇ ಹುಟ್ಟಿ ಬೆಳೆದ ಮುದುಕಿಗೆ ಎರಡು ವರ್ಷದಿಂದ ನದಿ ಕಾಣುತ್ತಿರಲಿಲ್ಲವಂತೆ.

"ಲಾಗೌಟ್ ಮಾಡಬೇಕಲ್ಲವಾ?" ಎಂದು ನಾನು ಕೇಳಿದರೆ, "ಮಾಡ್ತೀನಿ ಬಿಡ್ರಿ ಅಣ್ಣಾರ. ಆಯಿ ಹೆಸರು ಅಲ್ಲೇ ಅದ ಇಲ್ಲೋ ನೋಡಿ ಬಂದ್ ಮಾಡ್ತೀನಿ" ಎನ್ನುತ್ತಿದ್ದಳು.

"ಅದೆಲ್ಲಿ ಹೋಗುತ್ತದೆ? ಆರು ನಕಲಿವೆ."

"ನಿಮ್ಮ ನಕಲಿನ ಮ್ಯಾಲ ನಂಗ ಭರೋಸಾ ಇಲ್ರಿ. ಕಣ್ಣಿಗೆ ಕಾಣೂ ಹೆಸರಿನ ಮ್ಯಾಲ ಅದ."

ಇಂಥ ಮಾತಿಗೆ ಉತ್ತರ ಕೊಡುವುದಕ್ಕಿಂತ ಬರೆದಿಡುವುದು ಲೇಸು. ಬರೆದಿಟ್ಟೆ. ಫೆಬ್ರವರಿ ಒಂಬತ್ತು, ಗುರುವಾರಕ್ಕೆ ನಲವತ್ತೇಳು ಸಲ ಆಯಿತು. ಆ ದಿನ ಸಂಜೆ ಅವಳು ಪಟ್ಟಿ ತೆರೆದಿಟ್ಟು ಮಣ್ಣೂರಿಗೆ ಹೋದಳು, ಶುಕ್ರವಾರ ಅವಳಿಗೆ ರಜೆ. ಶುಕ್ರವಾರ ನಾನೊಬ್ಬನೇ ಕುಳಿತು ಮಟಕಿ ಗ್ರಾಮದ ಇಪ್ಪತ್ತೇಳು ಹೆಸರು ಹಾಕಿದೆ. ಉಳಿದ ಸಮಯದಲ್ಲಿ ಸಾಹೇಬರಿಗೆ ಒಂದು ದೂರು ಬರೆದೆ: 'ಸದರಿ ಕುಮಾರಿಯವರು ನಲವತ್ತೇಳು ಸಲ...' ಎಂದು ತಾರೀಖು ಸಮೇತ. ಅದನ್ನು ನನ್ನ ಫೈಲುಗಳ ನಡುವೆ ಇಟ್ಟುಕೊಂಡು, ಅದೇ ಎಲ್-ಎನ್‌ನಿಂದ ಸಾಹೇಬರ ಫೈಲುಗಳಲ್ಲೂ ಒಂದು ಇಟ್ಟೆ. ಜಾಗ ಉಳಿಯಲಿ ಎಂದು.

ಈಗ ಶನಿವಾರ. ಸಾಹೇಬರು ಬಸ್ಸಿನ ವ್ಯವಸ್ಥೆಗೆ ಜೇವರ್ಗಿಗೆ ಹೋಗಿದ್ದರು. ಹೋಗುವಾಗ, "ತಮ್ಮಾ, ಪಟ್ಟಿ ಊರಿನ ಪರಕಾರ ಹೊಂದಿಸಿಡು. ಸಂಜೀಕ ಪ್ರಿಂಟರಿನ ರಿಬ್ಬನ್ ತರ್ತೇನಿ. ಸೋಮವಾರ ನಸಿಕ್ಲೆ ಮಣ್ಣೂರಿಗೆ ಮೊದಲ ಬಸ್ಸು ಬಿಡೂದೈತಿ" ಎಂದಿದ್ದರು. ಊರಿನ ಪ್ರಕಾರ ಹೊಂದಿಸುವ ಆಜ್ಞೆ ನನ್ನ ನೋಟ್‌ಬುಕ್ಕಿನಲ್ಲಿತ್ತು. ಆದರೂ ಮೂಲಕ್ಕೆ ಕೈ ಹಚ್ಚುವಷ್ಟು ಹುಂಬ ನಾನಲ್ಲ. ಪ್ರಯೋಗ ಮಾಡುವುದಾದರೆ ನಕಲಿನ ಮೇಲೆ ಮಾಡಬೇಕು. 'ಸೋಮ'ದಿಂದ ತೆಗೆದು, ಹೊಂದಿಸಿ, 'ಸೋಮ'ಕ್ಕೇ ಹಾಕು ಎಂದು ಆಜ್ಞೆ ಕೊಟ್ಟೆ. ನನಗೆ ಗೊತ್ತಿರದ ಸಂಗತಿಯೆಂದರೆ, ಯುನಿಕ್ಸು ಹಾಕುವ ಪಾತ್ರೆಯನ್ನು ಮೊದಲು ತೊಳೆದಿಟ್ಟುಕೊಳ್ಳುತ್ತದೆ. ತೆಗೆಯುವ ಪಾತ್ರೆಯೂ ಅದೇ ಆಗಿದ್ದರೆ ಒಳಗಿನ ಬೇಳೆಯನ್ನೂ ಚೆಲ್ಲಿ, ತೊಳೆದು, ಆಮೇಲೆ 'ಎಲ್ಲಿದೆ ಬೇಳೆ?' ಎಂದು ನೋಡುತ್ತದೆ.

'ಸೋಮ' ತೆರೆದೆ. ಖಾಲಿ. ಸಾಲು ಎಣಿಸಿದೆ. ಸೊನ್ನೆ. ಮೊದಲನೆಯ ಗಾಬರಿ, ಹನ್ನೊಂದು ಗಂಟೆ ನಲವತ್ತು ನಿಮಿಷ. ಆದರೂ ತುಟಿಯ ಮೇಲೆ ಸಣ್ಣ ನಗೆಯಿತ್ತು. ಇದಕ್ಕೇ ಅಲ್ಲವೇ ನಾನು ಆರು ನಕಲು ಮಾಡಿದ್ದು! 'ಮಂಗಳ' ತೆರೆದೆ. ಸೊನ್ನೆ. 'ಬುಧ' ಸೊನ್ನೆ, 'ಗುರು' ಸೊನ್ನೆ. 'ಶುಕ್ರ' ತೆರೆಯುವಾಗ ಬೆರಳು ತಪ್ಪಿ ಎರಡು ಸಲ ಹೆಸರು ತಪ್ಪಾಯಿತು. ಸೊನ್ನೆ. 'ಶನಿ' ಸೊನ್ನೆ. ಕೊನೆಗೆ, ನಾನು ಕೈಯನ್ನೇ ಹಚ್ಚದ ಮೂಲ 'ಪಟ್ಟಿ'. ಅದೂ ಸೊನ್ನೆ. ಏಳೂ ತಾಳೆ.

ಎರಡನೆಯ ಗಾಬರಿ. ಕುರ್ಚಿಯಲ್ಲೇ ಕೂತೆ. ಕೂತದ್ದು ಎಷ್ಟು ಹೊತ್ತು ಎಂದು ಬರೆದಿಲ್ಲ, ಇದೊಂದೇ ನನ್ನ ದಿನಚರಿಯಲ್ಲಿ ಲೆಕ್ಕವಿಲ್ಲದ ಹೊತ್ತು. ಆಮೇಲೆ ದಿನಚರಿ ತೆಗೆದೆ. ಏನಾದರೂ ಸಿಕ್ಕೀತು ಎಂದು ಪುಟ ತಿರುವಿದೆ. ಎಲ್ಲವೂ ಇತ್ತು! ಒಟ್ಟು ಜನ ಒಂದು ಸಾವಿರದ ನೂರಾ ಎಂಬತ್ತನಾಲ್ಕು. ಎಡಗಣ್ಣು ಆರುನೂರಾ ಹನ್ನೊಂದು, ಬಲಗಣ್ಣು ಐನೂರಾ ಎಪ್ಪತ್ತಮೂರು. ಮಣ್ಣೂರಿನವರು ಮೂವತ್ತೆಂಟು. ಯಾವ ದಿನ ಎಷ್ಟು, ಯಾರು ಎಷ್ಟು ಹಾಕಿದರು, ನಡುವೆ ಕರೆಂಟು ಎಷ್ಟು ಸಲ ಹೋಯಿತು, ಎಲ್ಲ. ಇಲ್ಲದ್ದು ಒಂದೇ, ಹೆಸರು. ಸಾವಿರದ ನೂರಾ ಎಂಬತ್ತನಾಲ್ಕು ಜನರಲ್ಲಿ ಒಬ್ಬರ ಹೆಸರೂ ನನ್ನ ಎರಡು ನೂರು ಪುಟದ ದಿನಚರಿಯಲ್ಲಿ ಇರಲಿಲ್ಲ. ಐನೂರಾ ಎಪ್ಪತ್ತಮೂರು ಬಲಗಣ್ಣುಗಳು ಮುಖಗಳಿಲ್ಲದೆ ನನ್ನ ಸುತ್ತ ನಿಂತು ನೋಡತೊಡಗಿದವು.

"ಚಾಚಾ! ಚೀಟಿ!" ಎಂದು ಕೂಗಿಕೊಂಡು ಹಿತ್ತಲಿಗೆ ಓಡಿದೆ.

ಚಾಚಾ ಬಂಬಾದ ಬೂದಿ ಕೆದರುತ್ತ ಕುಳಿತಿದ್ದರು. "ಮಟಕಿದು ಒಂದ ಕಟ್ಟು ಉಳದಾವ ಬಾಬು. ನೀವ ಹೇಳಿದ್ರಲ್ಲ, ಎರಡ ದಿನಾ ಆಗೂತನಾ ಸುಡಬ್ಯಾಡಂತ. ಬಾಕೀದು..." ಎಂದು ಬೂದಿಯ ಕಡೆಗೆ ಕೈ ತೋರಿಸಿದರು. ನನ್ನ ಮುಖ ನೋಡಿ, "ಯಾಕ, ಮಂದಿ ಚೀಟಿ ತಿರುಗಿ ಕೇಳಾಕ ಬಂದಾರೇನು?" ಎಂದರು.

ಗುಲ್ಬರ್ಗಾಕ್ಕೆ ಟ್ರಂಕ್ ಕಾಲ್ ಹಚ್ಚಿದೆ. ಪುಣ್ಯಕ್ಕೆ ಕುಲಕರ್ಣಿಯವರೇ ಫೋನೆತ್ತಿದರು. ನಡೆದದ್ದೆಲ್ಲ ಹೇಳಿದೆ. ಅತ್ತಲಿಂದ ಕೆಮ್ಮಿನಂಥ ಸದ್ದು ಬಂದಿತು. ಅವರು ನಗುತ್ತಿದ್ದಾರೆಂದು ಆಮೇಲೆ ತಿಳಿಯಿತು.

"ಗುರುಶಾಂತಪ್ಪ ಅವ್ರ, ಎಲ್-ಎನ್ ಅಂದ್ರ ನಕಲು ಅಂತ ಯಾರ್ ಹೇಳಿದ್ರಿ ನಿಮಗ?"

"ನೀವೇ ಸರ್. ಜಾಗ ಹಿಡಿಯದೆ ಫೈಲಿಗೆ ಇನ್ನೊಂದು..."

"ಇನ್ನೊಂದು ಹೆಸರು! ಹೆಸರ್ರೀ! ಒಂದ ಫೈಲಿಗೆ ಏಳ ಹೆಸರು ಇಟ್ಟೀರಿ ನೀವು. ಫೈಲು ಒಂದ ಐತಿ. ಅದನ್ನ ನೀವ ತೊಳದೀರಿ."

ಇದು ಮೂರನೆಯ ಗಾಬರಿ. ಸರಿಯಾಗಿ ಇದೇ ಹೊತ್ತಿಗೆ ಕರೆಂಟು ಹೋಯಿತು. ಮೂಲೆಯಲ್ಲಿದ್ದ ಯುಪಿಎಸ್ಸು ಪೀಂ ಪೀಂ ಎನ್ನತೊಡಗಿತು. ಅದರ ಜೀವ ಇಪ್ಪತ್ತು ನಿಮಿಷ, ನಾನೇ ಅಳೆದಿಟ್ಟಿದ್ದೆ.

ಕುಲಕರ್ಣಿಯವರಿಗೆ ಪೀಂ ಕೇಳಿಸುತ್ತಿರಲಿಲ್ಲ. ಅವರಿಗೆ ಪಾಠ ಹೇಳುವ ಉಮೇದು ಬಂದಿತ್ತು. ಅಂದು ಬಸ್ಸಿನಿಂದ ಅರ್ಧಕ್ಕೆ ನಿಂತದ್ದು ಇಂದು ಪೂರ್ತಿಯಾಗಬೇಕಿತ್ತು. "ಇದು ಯಾಕ ಹಿಂಗ ಐತಿ ಅಂತ ಹೇಳ್ತೇನಿ ಕೇಳ್ರಿ. ಅಮೆರಿಕಾದಾಗ ಒಂದು ಟೆಲಿಫೋನ್ ಕಂಪನಿ ಪ್ರಯೋಗಶಾಲೆ ಐತಿ. ಅಲ್ಲಿ ನಾಲ್ಕಾರು ಮಂದಿ ಮೊದಲ ಒಂದ ದೊಡ್ಡ ಕೆಲಸದಾಗ ಇದ್ರು. ಆ ದೊಡ್ಡ ವ್ಯವಸ್ಥೆದಾಗ ಲಿಂಕ್ ಅಂದ್ರ ಬರೇ ಒಂದು ಚೀಟಿ: 'ಇದು ಇಲ್ಲಿಲ್ಲ, ಫಲಾನಾ ಮನ್ಯಾಗ ಐತಿ, ಅಲ್ಲಿ ನೋಡು' ಅಂತ. ಅದು ಬಿಟ್ಟು ಹೊರಗ ಬಂದು ಒಂದ ಸಣ್ಣ ಯಂತ್ರದ ಮ್ಯಾಲ ತಮ್ಮದ ಯುನಿಕ್ಸ್ ಮಾಡಿದ್ರು."

"ಸರ್, ಯುಪಿಎಸ್—"

"ತಡೀರಿ. ಮೊದಮೊದಲ ಅದರಾಗ 'ಇಂಥಾ ಮನಿ, ಇಂಥಾ ಕ್ವಾಣಿ' ಅಂತ ದಾರಿ ಹೇಳೂ ಪದ್ಧತಿನ ಇರಲಿಲ್ಲ. ಬಾಜೂ ಮನಿ ಫೈಲು ನಿಮಗ ಬೇಕಂದ್ರ ಅದರ ಹೆಸರು ನಿಮ್ಮ ಮನಿ ಪಟ್ಟಿದಾಗೂ ಬರಕೋಬೇಕಾಗಿತ್ತು. ಅದಕ್ಕ ಅವರು ಏನ್ ಮಾಡಿದ್ರು, ಫೈಲಿಗೆ ಹೆಸರ ಇಡಲಿಲ್ಲ! ಬರೇ ನಂಬರ್ ಕೊಟ್ರು. ಹೆಸರು ಅನ್ನೂದು ಫೈಲಿನ್ಯಾಗ ಇರೂದಿಲ್ಲ, ಹೊರಗಿನ ಪಟ್ಟಿದಾಗ ಇರತೈತಿ. ಎಷ್ಟ ಹೆಸರರ ಇಡ್ರಿ, ಜಾಗ ಹಿಡಿಯೂದಿಲ್ಲ. ಯಾವುದೂ ಅಸಲಿ ಅಲ್ಲ, ಯಾವುದೂ ನಕಲಿ ಅಲ್ಲ, ಎಲ್ಲಾ ಹೆಸರೂ ಸರೀಸಮ. ಎಷ್ಟ ಹೆಸರು ಅದಾವ ಅನ್ನೂ ಲೆಕ್ಕ ಮಾತ್ರ ಫೈಲಿನ ಬಾಜೂಕ ಇರತೈತಿ. ಎರಡನೇ ಕಾಲಮ್ಮಿನ್ಯಾಗ ಏಳು ಅಂತ ಬರತಿರಬೇಕಲ್ಲ, ನೋಡಿಲ್ಲೇನು?"

ನೋಡಿದ್ದೆ. ಹತ್ತು ಪುಟ ನೋಡಿದ್ದೆ.

"ಮುಂದ ಎಂಬತ್ತರ ಸುಮಾರಿಗೆ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದವರು ಆ ಹಳೇ ಚೀಟಿ ಪದ್ಧತಿನೂ ತಿರುಗಿ ತಂದ್ರು. ಯಾಕಂದ್ರ ಒಂದ ಡಿಸ್ಕಿನ ಫೈಲಿಗೆ ಇನ್ನೊಂದ ಡಿಸ್ಕಿನ್ಯಾಗ ಹೆಸರು ಇಡಾಕ ಬರತಿರಲಿಲ್ಲ. ಚೀಟಿಯಾದ್ರ ಎಲ್ಲಿಗರ ತೋರಸ್ತೈತಿ. ಖರೆ, ಮನಿ ಬಿದ್ರೂ ಚೀಟಿ ಹಂಗ ಕೈ ತೋರಿಸಿಕೋತ ನಿಂತಿರತೈತಿ. ಅದು ನಿಮ್ಮ ಮಷಿನ್ನಿನ್ಯಾಗ ಇಲ್ಲ ಬಿಡ್ರಿ, ಹಳೇದು."

"ಸರ್, ಈಗ ನಾನೇನು ಮಾಡಲಿ?" ಎಂದು ಅರಚಿದೆ.

"ಹಾಂ! ಬ್ಯಾರೆ ಯಾರರ ಆ ಫೈಲು ತಮ್ಮ ಪರದೆ ಮ್ಯಾಲ ತೆರೆದಿಟ್ಟಾರೇನು? ಇಟ್ಟಿದ್ರ ಅವರ ಕೈಯಾಗಿನ ಪ್ರತಿ ಬ್ಯಾರೆ ಇರತೈತಿ, ಅದು ಉಳದಿರತೈತಿ. ಅದನ್ನ ಯಾರೂ ಮುಟ್ಟಬಾರ್ದು ನೋಡ್ರಿ, ಮೊದಲ—" ಇಲ್ಲಿಗೆ ಲೈನು ಕಡಿಯಿತು. ಈ ಮನುಷ್ಯ ನನಗೆ ಯಾವ ವಾಕ್ಯವನ್ನೂ ಪೂರ್ತಿ ಕೊಟ್ಟವನಲ್ಲ.

ತಿರುಗಿ ನೋಡಿದೆ. ಶಿವಲೀಲಾಳ ಪರದೆ ಹಸಿರಾಗಿ ಹೊಳೆಯುತ್ತಿತ್ತು. ಗುರುವಾರ ಸಂಜೆ ಬಿಟ್ಟುಹೋದ ಹಾಗೆಯೇ: ನೀಲಮ್ಮ, ಮಣ್ಣೂರ, ಎಪ್ಪತ್ತೊಂದು, ಬಲಗಣ್ಣು. ಆ ಒಂದು ಪರದೆಯ ಹಿಂದೆ ಸಾವಿರಕ್ಕೂ ಹೆಚ್ಚು ಮುದುಕರು ಉಸಿರು ಹಿಡಿದು ನಿಂತಿದ್ದರು. ನಾನು ನಲವತ್ತೇಳನೆಯ ತಪ್ಪೆಂದು ಬರೆದಿಟ್ಟದ್ದು ಇದೇ ಪರದೆ. ಅದರ ಮುಂದೆ ಎರಡೂ ಕೈ ಚಾಚಿ ಕಾವಲು ನಿಂತೆ. ಮುಟ್ಟಬಾರದು ಎಂದಿದ್ದರು; ಮುಟ್ಟದಿದ್ದರೆ ಯುಪಿಎಸ್ಸು ಸತ್ತು ಎಲ್ಲವೂ ಹೋಗುತ್ತದೆ. ಪೀಂ ಪೀಂ.

ಚಾಚಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಇದರಾಗ ತಿಳೀಲಾರದ್ದು ಏನೈತಿ ಬಾಬು? ನನಗ ಮನ್ಯಾಗ ಮೌಲಾ ಅಂತಾರ, ಸಾಲ್ಯಾಗ ಮೌಲಾಸಾಬ ಅಂತ ಬರದಾರ, ನಮ್ಮ ಬೀಬಿ 'ಕೇಳಿಸ್ತೇನು' ಅಂತಾಳ. ಮೌಲಾನ ಕಪಾಳಕ್ಕ ಒಂದ ಏಟು ಕೊಟ್ರ ಮೌಲಾಸಾಬನ ಹಲ್ಲೂ ಬೀಳತಾವ. ಆರು ಮಂದಿ ಅದಾರ ಅಂತ ನೀವು ಹೊಡದ ನೋಡಿದ್ರಿ, ಅಷ್ಟ."

ನಾಲ್ಕು ತಿಂಗಳು ಆ ಪಟ್ಟಿಯಲ್ಲೇ ಮುಳುಗಿದ್ದವನಿಗೆ ಇದು ಗೊತ್ತಿರಬೇಕಿತ್ತು. ನಮ್ಮ ಕಡೆ ಗಂಡುಮಗುವಿಗೆ ಅಜ್ಜನ ಹೆಸರಿಡುತ್ತಾರೆ. ಇಟ್ಟ ಮೇಲೆ ತಾಯಿ ಆ ಹೆಸರು ಹಿಡಿದು ಕೂಗುವಂತಿಲ್ಲ, ಅದು ಅವಳ ಮಾವನ ಹೆಸರು. ಹಾಗಾಗಿ ಕರೆಯುವುದಕ್ಕೆ ಬೇರೊಂದು. ನಾನೇ ಹಾಜರಿ ಪುಸ್ತಕದಲ್ಲಿ ಗುರುಶಾಂತಪ್ಪ. ಮನೆಯಲ್ಲಿ ನಮ್ಮವ್ವನಿಗೆ ಅಪ್ಪು. ಜೇವರ್ಗಿ ಕಡೆಯ ಒಬ್ಬ ಮುದುಕಿ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಕೊಟ್ಟು, ಪಟ್ಟಿಯಲ್ಲಿ ನಾಲ್ಕು ಕಣ್ಣಿನವಳಾಗಿದ್ದಳು. ಅವಳನ್ನು ಹಿಡಿದದ್ದು ನಾನೇ. ಮನುಷ್ಯರಲ್ಲಿ ಹಿಡಿದದ್ದು ಫೈಲಿನಲ್ಲಿ ಹಿಡಿಯಲಾಗಲಿಲ್ಲ.

ಯುಪಿಎಸ್ಸಿನ ಪೀಂ ಅವಸರವಾಯಿತು. ಹದಿನೇಳನೆಯ ನಿಮಿಷ. ಆಗಲೇ ಶಿವಲೀಲಾ ಬಂದಳು, ಅಫಜಲಪುರದ ಬಸ್ಸಿನ ಧೂಳೆಲ್ಲ ಮೈಮೇಲೆ, ಕೈಯಲ್ಲಿ ಬುತ್ತಿಯ ಗಂಟು.

"ಮುಟ್ಟಬ್ಯಾಡಾ!" ಎಂದು ಕಿರುಚಿದೆ. ಗಾಬರಿಯಲ್ಲಿ ನನ್ನ ಪುಸ್ತಕದ ಕನ್ನಡವೂ ಹಾರಿಹೋಗಿತ್ತು.

ಅವಳು ನನ್ನನ್ನು, ಪರದೆಯನ್ನು, ಪೀಂ ಎನ್ನುವ ಪೆಟ್ಟಿಗೆಯನ್ನು ನೋಡಿದಳು. "ಗೊತ್ತದರಿ ಅಣ್ಣಾರ, ಗುರುವಾರ ಬಂದ್ ಮಾಡೂದು ಮರತೆ. ಅದಕ್ಕ ಇಷ್ಟ ಯಾಕ ಒದರಾಕತ್ತೀರಿ? ಎಲ್ಲಾ ಬರಕೋತೀರಿ ಅಂತ ನಂಗೂ ಗೊತ್ತದ. ಇವತ್ತ ನಿಮ್ಮ ಮುಂದ ಬಂದ್ ಮಾಡ್ತೇನಿ, ಸರೀರಿ ಅತ್ಲಾಗ" ಎಂದು, ನನ್ನ ತೋಳಿನ ಕೆಳಗೆ ಕೈ ತೂರಿಸಿ, ಟಕ ಟಕ ಟಕ ಎಂದು ಬಡಿದಳು. ಉಳಿಸಿ ಮುಚ್ಚು ಎಂಬ ಆಜ್ಞೆ. ನಲವತ್ತೇಳು ಸಲ ಮಾಡದೇ ಬಿಟ್ಟದ್ದನ್ನು ಆ ಒಂದು ಸಲ ಮಾಡಿದಳು. ನೀಲಮ್ಮ ಮಾಯವಾದಳು. ಪರದೆ ಖಾಲಿಯಾಯಿತು.

ನಾಲ್ಕನೆಯ ಗಾಬರಿ. ನೆಲದ ಮೇಲೆ ಕೂತುಬಿಟ್ಟೆ. ಕಣ್ಣಿಗೆ ಕತ್ತಲೆ ಬಂದಿತು. ನಿಜವಾದ ಪೊರೆ ಬಂದವರಿಗೂ ಅಷ್ಟು ಬಂದಿರಲಾರದು. "ನಿಮ್ಮ ಆಯಿ ಹೋದಳು" ಎಂದೆ. ಅವಳು ಬೆಚ್ಚಿ, "ಏನ್ ಅಪಶಕುನ ಮಾತಾಡ್ತೀರಿ! ಮುಂಜಾನೆ ರೊಟ್ಟಿ ತಿನ್ನೂದು ನೋಡಿ ಬಂದೇನಿ" ಎಂದಳು. ಎಲ್ಲ ಹೇಳಿದೆ. ಸೋಮ, ಮಂಗಳ, ಸೊನ್ನೆ, ಬೂದಿ, ಎಲ್ಲ. ಅವಳ ಮುಖ ಬಿಳಿಚಿತು. ಆದರೆ ಅವಳು ನನ್ನ ಹಾಗೆ ಕೂಡಲಿಲ್ಲ. ನನ್ನ ಪರದೆಗೆ ಹೋಗಿ ಸಾಲು ಎಣಿಸುವ ಆಜ್ಞೆ ಕೊಟ್ಟಳು.

ಪಟ್ಟಿ: 1157. ಸೋಮ: 1157. ಮಂಗಳ: 1157. ಏಳೂ. ಏಳೂ ಜೀವ ತುಂಬಿಕೊಂಡು ಎದ್ದು ಕುಳಿತಿದ್ದವು.

ಅದು ಹೇಗೆ ಸಾಧ್ಯ ಎಂದು ತಿಳಿಯುವುದಕ್ಕೆ ನನಗೆ ಆ ಇಡೀ ಭಾನುವಾರ ಬೇಕಾಯಿತು. ಅವಳ ಕೈಯಲ್ಲಿದ್ದ ಗುರುವಾರದ ಪ್ರತಿಯನ್ನು ಅವಳು 'ಪಟ್ಟಿ' ಎಂಬ ಹೆಸರಿನಲ್ಲಿ ಉಳಿಸಿದ್ದಳು. 'ಪಟ್ಟಿ' ಯಾವ ಫೈಲೋ ಉಳಿದ ಆರೂ ಅದೇ ಫೈಲು. ಒಂದು ಹೆಸರಿಗೆ ಉಣಿಸಿದರೆ ಏಳಕ್ಕೂ ಹೊಟ್ಟೆ ತುಂಬಿತ್ತು. ಶನಿವಾರ ಮಾತ್ರ ನಾನು ಸುಮ್ಮನೆ ಬಾಯಿ ತೆರೆದು ನಿಂತಿದ್ದೆ. ಆ ಕ್ಷಣಕ್ಕೇ ಯುಪಿಎಸ್ಸು ಉದ್ದವಾಗಿ ಒಂದು ಸಲ ಕೂಗಿ ಸುಮ್ಮನಾಯಿತು; ಪೆಟ್ಟಿಗೆ ಬಂದಾಯಿತು. ಆದರೆ ಬರೆದದ್ದು ಒಳಗೆ ಭದ್ರವಾಗಿತ್ತು. ಕರೆಂಟು ಬಂದ ಮೇಲೆ ಮೊದಲು ಅದನ್ನೇ ನೋಡಿದೆವು. ಮಟಕಿಯ ಇಪ್ಪತ್ತೇಳು ಚೀಟಿಗಳನ್ನು ಚಾಚಾ ತಂದು ಮೇಜಿನ ಮೇಲಿಟ್ಟರು. ಶಿವಲೀಲಾ ಅವುಗಳನ್ನು ಇಪ್ಪತ್ತು ನಿಮಿಷದಲ್ಲಿ ಹಾಕಿದಳು. ಹೊಂದಿಸುವ ಕೆಲಸವನ್ನು ಬೇರೆ ಹೆಸರಿನ ಹೊಸ ಫೈಲಿಗೆ ಮಾಡಿದೆವು, ಸಂಜೆ ರಿಬ್ಬನ್ನು ಬಂದ ಮೇಲೆ ಕಾಗದದ ಮೇಲೂ ಇಳಿಸಿದೆವು. ಸಾಹೇಬರಿಗೆ ನಾನೇನೂ ಹೇಳಲಿಲ್ಲ. ಶಿವಲೀಲಾಳೂ ಹೇಳಲಿಲ್ಲ. ಅವಳು ಹೇಳದೆ ಇದ್ದದ್ದನ್ನು ಕಂಡು ನನಗೆ ನನ್ನ ದೂರಿನ ನೆನಪಾಗಿ ಕಿವಿ ಬಿಸಿಯಾಯಿತು. ಅವಳು ಅತ್ತ ಹೋದ ಕೂಡಲೇ ನನ್ನ ಫೈಲುಗಳಲ್ಲಿದ್ದ ದೂರನ್ನು ಅಳಿಸಿಹಾಕಿದೆ. ದಿನಚರಿಯಲ್ಲಿ ಬರೆದೆ: 'ದೂರು ನಾಶಪಡಿಸಲಾಯಿತು.' ಅಷ್ಟು ಹಗುರಾದ ಮನಸ್ಸಿನಿಂದ ನಾನು ಎಂದೂ ಬಸ್ಸು ಹತ್ತಿರಲಿಲ್ಲ.

ಸೋಮವಾರ ನಸುಕಿನಲ್ಲಿ ಮಣ್ಣೂರಿನ ಬಸ್ಸು ಹೋಯಿತು. ಹತ್ತು ಗಂಟೆಗೆ ಮೂವತ್ತೆಂಟು ಜನರೊಂದಿಗೆ ತಿರುಗಿ ಬಂದಿತು. ನಾವೆಲ್ಲ ಅವರಿಗೆ ಚಹಾ ಕೊಡುತ್ತಿರುವಾಗ ಸಾಹೇಬರು ತಮ್ಮ ಪರದೆಯ ಮುಂದಿನಿಂದ ಕೂಗಿದರು: "ತಮ್ಮಾ, ಇದೇನಪಾ ಇದು? 'ಸದರಿ ಕುಮಾರಿಯವರು ನಲವತ್ತೇಳು ಸಲ...'"

ಐದನೆಯ ಗಾಬರಿ. ಅಳಿಸಿದ್ದೆನಲ್ಲ! ನಾನು ಅಳಿಸಿದ್ದು ಅದರ ಒಂದು ಹೆಸರನ್ನು. ಇನ್ನೊಂದು ಹೆಸರು ಸಾಹೇಬರ ಫೈಲುಗಳಲ್ಲಿ ಸುಖವಾಗಿತ್ತು, ಅದಿರುವವರೆಗೆ ಫೈಲು ಸಾಯುವುದಿಲ್ಲ. ಉಳಿಯಬೇಕಾದದ್ದು ಒಂದು ಹೆಸರು ಮುಟ್ಟಿದ್ದಕ್ಕೆ ಏಳರಲ್ಲೂ ಹೋಗಿತ್ತು. ಹೋಗಬೇಕಾದದ್ದು ಒಂದು ಹೆಸರು ಅಳಿಸಿದರೂ ಹೋಗಲಿಲ್ಲ.

"ನಲವತ್ತೇಳ ಸಲ ಅಂದ್ರ ಸಣ್ಣ ಮಾತಲ್ಲ" ಎಂದು ಸಾಹೇಬರು ಕನ್ನಡಕ ತೆಗೆದರು. "ಸಾವಿರ ಮಂದಿ ಕಣ್ಣಿನ ಕಾಗದ ಇದು. ಇಂಥಾ ಬೇಪರ್ವಾಯಿ ನಡಿಯೂದಿಲ್ಲ. ಗುಲ್ಬರ್ಗಾಕ್ಕ ಬರದು ಇಕೀನ್ನ ತೆಗೆಸಿಬಿಡ್ತೇನಿ."

ಶಿವಲೀಲಾ ಬಾಗಿಲಲ್ಲಿ ನಿಂತಿದ್ದಳು. ಶನಿವಾರದ ಕಥೆ ಅವಳ ಬಾಯಲ್ಲೇ ಇತ್ತು, ಒಂದು ವಾಕ್ಯ ಸಾಕಿತ್ತು. ಅವಳು ಆಡದೆ ನನ್ನನ್ನು ನೋಡಿದಳು. ಆಗ ನಾನು ಆ ವಾಕ್ಯವನ್ನೂ ಅದರ ಹಿಂದುಮುಂದಿನ ಎಲ್ಲ ವಾಕ್ಯಗಳನ್ನೂ ಹೇಳಿಬಿಟ್ಟೆ. ಗಂಟೆ, ನಿಮಿಷ, ಬೂದಿ ಸಮೇತ. "ಅವರು ನಲವತ್ತೇಳನೆಯ ತಪ್ಪು ಮಾಡದೆ ಇದ್ದಿದ್ದರೆ ಈ ಬಸ್ಸು ಖಾಲಿ ಬರುತ್ತಿತ್ತು ಸಾಹೇಬರೇ. ತೆಗೆಯುವುದಾದರೆ ನನ್ನನ್ನು ತೆಗೆಯಿರಿ" ಎಂದೆ.

ಸಾಹೇಬರು ಮೂವತ್ತೆಂಟು ಜನರ ಕಡೆಗೆ ನೋಡಿದರು. "ತಮ್ಮಾ, ನೀ ಏನರ ಬರಕೋ. ಆದ್ರ ಇನ್ನ ಮ್ಯಾಲ ಏನೂ ನಕಲು ಮಾಡಬ್ಯಾಡ" ಎಂದರು. ಆಮೇಲೆ ಚಾಚಾನ ಕಡೆಗೆ ತಿರುಗಿ, "ಬಂಬಾಕ್ಕ ಕಟಗಿ ತರಸ್ರಿ" ಎಂದರು.

ಹೊರಗೆ ಬಂದ ಮೇಲೆ ಶಿವಲೀಲಾ ಮೆಲ್ಲಗೆ, "ಅಣ್ಣಾರ, ನಲವತ್ತೇಳಲ್ರಿ. ಐವತ್ಮೂರು. ಆರು ಸಲ ನೀವ ರಜಾದಾಗ ಇದ್ರಿ" ಎಂದಳು.

ಈಗ ಆ ತಾರೀಖಿಲ್ಲದ ಗಾಬರಿ. ನೀಲಮ್ಮಾಯಿಯ ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನೂ ಅಲ್ಲಿದ್ದೆ. ಮುದುಕಿ ಮೊದಲು ಮೊಮ್ಮಗಳನ್ನು ನೋಡಿದಳು, ಚಾಚಾನ ಗಡ್ಡ ನೋಡಿದಳು, ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದಳು.

"ಇಂವ ಯಾರಬೇ?"

"ಇವರೇ ಆಯಿ, ನಾ ಹೇಳತಿದ್ನಲ್ಲ..." ಎಂದು ಶಿವಲೀಲಾ ಸೆರಗು ಬಾಯಿಗೆ ಹಚ್ಚಿಕೊಂಡಳು.

"ಹೌದಾ? ಗೀಟಪ್ಪ ಅಂದ್ರ ಇಂವನ ಏನು? ನಾ ಮುದಕ ಇರಬೇಕು ಅಂತ ತಿಳಕೊಂಡಿದ್ದೆ!" ಎಂದು ಮುದುಕಿ ಹೊಸ ಕಣ್ಣಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ಓದಿದಳು.

ನಾನು ದಿನಾ ಗೀಟು ಹಾಕಿ ಲೆಕ್ಕ ಇಡುವವನೆಂದು ಮಣ್ಣೂರಿನಲ್ಲಿ ನನ್ನ ಹೆಸರು ಗೀಟಪ್ಪ. ವಿಚಾರಿಸುತ್ತ ಹೋದೆ. ಚಹಾದ ಅಂಗಡಿಯಲ್ಲಿ 'ಎರಡು ಸಲದ ಸಾಹೇಬ', ಬಸ್ಸಿನ ಲೆಕ್ಕ ಇಟ್ಟದ್ದಕ್ಕೆ. ಕಂಡಕ್ಟರುಗಳ ನಡುವೆ 'ತಾಳೆ ಮಾಸ್ತರ'. ಬಂಬಾದ ಹತ್ತಿರ 'ಬೂದಿ ಬಾಬು'. ಗುರುಶಾಂತಪ್ಪ, ಅಪ್ಪು ಬೇರೆ. ಇಲ್ಲಿಯವರೆಗೆ ಆರು ಸಿಕ್ಕಿವೆ. ಕಂಪ್ಯೂಟರಾದರೆ ಎರಡನೆಯ ಕಾಲಮ್ಮಿನಲ್ಲಿ ಒಟ್ಟು ಎಷ್ಟೆಂದು ತೋರಿಸುತ್ತದೆ, ಆಳಂದ ತೋರಿಸುವುದಿಲ್ಲ. ನಾಚಿಕೆಯಿಂದ ಒಮ್ಮೆ ರಾಜೀನಾಮೆ ಬರೆದದ್ದೂ ಉಂಟು. ಆಮೇಲೆ ಹರಿದುಹಾಕಿದೆ. ಹಾಜರಿ ಪುಸ್ತಕದಿಂದ ಗುರುಶಾಂತಪ್ಪನನ್ನು ಅಳಿಸಿದರೆ ಏನು ಬಂತು? ಗೀಟಪ್ಪ ಮಣ್ಣೂರಿನಲ್ಲಿ ಬದುಕಿಯೇ ಇರುತ್ತಾನೆ.